ಸದ್ದಿನ ಪದಗಳು ಬರಿಯ ಅನುಕರಣವೇ?

ಜಪಾನಿನ ಅಡುಗೆಮನೆಯಲ್ಲಿ ಸಣ್ಣ ಉರಿಯ ಮೇಲೆ ಪಾತ್ರೆಯೊಂದು ನಿಧಾನವಾಗಿ ಬೇಯುತ್ತಿದ್ದರೆ ಆ ಸದ್ದನ್ನು ‘ಕೊತೊಕೊತೊ’ ಎನ್ನುತ್ತಾರೆ. ನಮ್ಮಲ್ಲಿ ನೀರು ಕೊತಕೊತ ಕುದಿಯುತ್ತಿದೆ ಎಂದರೆ ಕೈಯಿಟ್ಟವರಿಗೆ ಬೊಬ್ಬೆಯೇಳುವಷ್ಟು ಕುದಿತ. ಧ್ವನಿಗಳು ಹೆಚ್ಚುಕಡಿಮೆ ಒಂದೇ. ಒಂದು ಭಾಷೆಯಲ್ಲಿ ಅದು ಮಂದ ಉರಿ, ಇನ್ನೊಂದರಲ್ಲಿ ಉಕ್ಕುವ ಬಿಸಿ. ಇಂತಹ ಪದಗಳು ಪಾತ್ರೆಯ ಸದ್ದಿನ ನೇರ ಅನುಕರಣೆಗಳೇ ಆಗಿದ್ದರೆ ಈ ವ್ಯತ್ಯಾಸವನ್ನು ಹೇಗೆ ವಿವರಿಸಬೇಕು? ಪ್ರಸ್ತುತ ಲೇಖನವು ಈ ಚಿಕ್ಕ ಪ್ರಶ್ನೆಯಿಂದ ಹುಟ್ಟಿದುದು.

ನಮ್ಮ ವ್ಯಾಕರಣ ಪಠ್ಯಗಳಲ್ಲಿ ಈ ವರ್ಗದ ಪದಗಳಿಗೆ ‘ಅನುಕರಣಾವ್ಯಯ’ವೆಂಬ ಹೆಸರಿದೆ. ಒಂದು ವ್ಯಾಖ್ಯೆ, ನಾಲ್ಕಾರು ಉದಾಹರಣೆಗಳು, ಅಲ್ಲಿಗೆ ಪ್ರಕರಣ ಮುಗಿಯಿತು. ನಿಘಂಟುಗಳಲ್ಲಿಯೂ ಅನೇಕ ನಮೂದುಗಳ ಮುಂದೆ ‘ಒಂದು ಅನುಕರಣ ಶಬ್ದ’ ಎಂಬುದಷ್ಟೇ ಅರ್ಥವಾಗಿ ನಿಲ್ಲುತ್ತದೆ. ಯಾವ ವಸ್ತುವಿನ ಸದ್ದು, ಅದರ ತೂಕವೆಷ್ಟು, ಒಮ್ಮೆ ಆಗುವುದೋ ಮರುಕಳಿಸುವುದೋ ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು. ಹೆಸರೇ ವಿಚಾರವನ್ನು ಮುಚ್ಚಿಹಾಕಿದೆಯೆಂದು ನನ್ನ ಅನಿಸಿಕೆ. ‘ಅನುಕರಣ’ ಎಂದಾಕ್ಷಣ ಅದರಲ್ಲಿ ಭಾಷೆಯ ಪಾಲೇನೂ ಇಲ್ಲವೆಂದಾಗುತ್ತದೆ. ‘ಅವ್ಯಯ’ ಎಂದಾಕ್ಷಣ ಅದು ಬೆಳೆಯದ ಪದವೆಂದಾಗುತ್ತದೆ. ಆದರೆ ಗುಡುಗು, ಥಳಥಳಿಸು, ಗಿಲಕಿ, ಗುಡುಗುಡಿ ಮೊದಲಾದ ಪದಗಳು ಬೆಳೆದುದು ಈ ಬೇರಿನಿಂದಲೇ ಅಲ್ಲವೇ?

ಜಪಾನಿನಲ್ಲಿ ಈ ಕ್ಷೇತ್ರಕ್ಕೆ ದೊರೆತಿರುವ ಮನ್ನಣೆಯೇ ಬೇರೆ. ವಸ್ತುಗಳ ಸದ್ದನ್ನು ಹೇಳುವ ಪದಗಳನ್ನು ‘ಗಿಓಂಗೊ’ ಎಂದೂ, ಸದ್ದಿಲ್ಲದ ಸ್ಥಿತಿ, ರೀತಿಗಳನ್ನು ಹೇಳುವ ಪದಗಳನ್ನು ‘ಗಿತೈಗೊ’ ಎಂದೂ ಅವರು ಬೇರ್ಪಡಿಸುತ್ತಾರೆ. 2007ರಲ್ಲಿ ಶೊಗಾಕುಕನ್ ಪ್ರಕಾಶನವು ಈ ಪದಗಳಿಗಾಗಿಯೇ ಹೊರತಂದ ನಿಘಂಟಿನಲ್ಲಿ 4,500 ನಮೂದುಗಳಿವೆ. ಸಂಖ್ಯೆಗಿಂತ ಮುಖ್ಯವಾದುದು ಅವುಗಳೊಳಗಿನ ವ್ಯವಸ್ಥೆ. ಸಣ್ಣ ಗೋಲಿ ಉರುಳಿದರೆ ‘ಕೊರೊಕೊರೊ’, ಬಂಡೆ ಉರುಳಿದರೆ ‘ಗೊರೊಗೊರೊ’. ಗುಡುಗಿಗೂ ಈ ಎರಡನೆಯದೇ. ಬಾಗಿಲನ್ನು ಮೆಲ್ಲಗೆ ತಟ್ಟಿದರೆ ‘ತೊಂತೊನ್’, ಮುಷ್ಟಿಯಿಂದ ಗುದ್ದಿದರೆ ‘ದೊಂದೊನ್’. ಹಗುರವಾದ ಗಟ್ಟಿ ವಸ್ತು ಅಲುಗಿದರೆ ‘ಕತಕತ’, ಗಾಳಿಗೆ ಕಿಟಕಿಯೇ ಅದುರಿದರೆ ‘ಗತಗತ’. ಅಘೋಷ ವ್ಯಂಜನವು ಘೋಷವಾದೊಡನೆ ವಸ್ತು ದೊಡ್ಡದಾಗುತ್ತದೆ, ಭಾರವಾಗುತ್ತದೆ. ಶೋಕೊ ಹಮಾನೊ ಅವರು 1998ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಎರಡಕ್ಷರದ ಇಂತಹ ಬೇರುಗಳಲ್ಲಿ ಮೊದಲ ವ್ಯಂಜನವು ವಸ್ತುವಿನ ಗುಣವನ್ನೂ ಎರಡನೆಯದು ಚಲನೆಯ ಬಗೆಯನ್ನೂ ಸೂಚಿಸುತ್ತವೆಯೆಂದು ವಿವರಿಸಿದ್ದಾರೆ. ಇದು ಕಿವಿಯ ಕೆಲಸ ಮಾತ್ರವಲ್ಲ, ವ್ಯಾಕರಣದ ಕೆಲಸ.

ಕನ್ನಡಿಗರಿಗೆ ಇಲ್ಲಿ ಅಪರಿಚಿತವಾದುದು ಕಡಿಮೆ. ‘ಗತಗತ’ ಎಂಬುದು ಕಿಟಕಿಯ ಸದ್ದೂ ಹೌದು, ಚಳಿಗೆ ನಡುಗುವ ಮೈಗೂ ಅದೇ ಪದ. ನಮ್ಮ ‘ಗಡಗಡ’ವೂ ಗಾಡಿಯ ಸದ್ದಿನಿಂದ ಮೈನಡುಕದವರೆಗೆ ಇದೇ ದಾರಿಯನ್ನು ಸವೆಸಿದೆ. ಮಾತನ್ನು ಉದ್ಧರಿಸಲು ಜಪಾನಿಯರು ಬಳಸುವ ‘ತೊ’ ಪ್ರತ್ಯಯವೇ ಸದ್ದಿನ ಪದಗಳಿಗೂ ಹತ್ತುತ್ತದೆ. ನಾವೂ ‘ಬರುತ್ತೇನೆ ಎಂದಳು’ ಎನ್ನುವಂತೆಯೇ ‘ಗಂಟೆ ಟಣ್ ಎಂದಿತು’ ಎನ್ನುತ್ತೇವೆ. ಎರಡೂ ಭಾಷೆಗಳಲ್ಲಿ ವಸ್ತುಗಳು ಮಾತನಾಡುತ್ತವೆ. ಇಂತಹ ಸಾಮ್ಯಗಳನ್ನು ಕಂಡೊಡನೆ ಸುಸುಮು ಓನೊ ಅವರ ತಮಿಳು-ಜಪಾನಿ ನಂಟಿನ ವಾದವನ್ನು ನೆನೆಯುವವರಿದ್ದಾರೆ. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ, ನನಗೂ ಅದರ ಅಗತ್ಯ ಕಾಣುವುದಿಲ್ಲ. ನಾವು ಎರವಲು ಪಡೆಯಬೇಕಾದುದು ವಂಶವೃಕ್ಷವನ್ನಲ್ಲ, ವಿಧಾನವನ್ನು.

ಆ ವಿಧಾನವನ್ನು ಕನ್ನಡಕ್ಕೆ ಅನ್ವಯಿಸಿದಾಗ ಏನಾಗುತ್ತದೆ? ಕಿಣಿಕಿಣಿ ಚಿಲ್ಲರೆ ಕಾಸಿನದು, ಗಣಗಣ ದೇವಸ್ಥಾನದ ಗಂಟೆಯದು. ಪಟಪಟ ಹಗುರ, ದಬದಬ ಭಾರ. ಇಷ್ಟರಮಟ್ಟಿಗೆ ಜಪಾನಿ ನಿಯಮ ಹೊಂದುತ್ತದೆ. ಆದರೆ ಕಟಕಟ ಹಲ್ಲು ಕಡಿಯುವುದಕ್ಕೂ ಗಡಗಡ ಉರುಳುವ ಗಾಲಿಗೂ ಹಗುರ-ಭಾರಗಳ ಸಂಬಂಧವನ್ನು ಹಚ್ಚುವುದು ಕಷ್ಟ. ಗಿಲಿಗಿಲಿ, ಗಲಗಲ, ಗುಲುಗುಲು ಎಂಬ ಸಾಲನ್ನು ನೋಡಿದರೆ ಕನ್ನಡದಲ್ಲಿ ವ್ಯಂಜನದಷ್ಟೇ ಕೆಲಸವನ್ನು ಸ್ವರವೂ ಮಾಡುತ್ತಿದೆಯೆಂಬ ಅನುಮಾನ ಬರುತ್ತದೆ. ಮೂರ್ಧನ್ಯಗಳೂ ಮಹಾಪ್ರಾಣಗಳೂ ನಮ್ಮಲ್ಲಿ ಹೆಚ್ಚುವರಿಯಾಗಿವೆ. ಟಣ್ ಮತ್ತು ಢಣ್‌ಗಳ ನಡುವಿನ ಅಂತರ ನಾಲಿಗೆಯದೋ ಬರೆಹದ್ದೋ ಎಂಬುದನ್ನು ಪರೀಕ್ಷಿಸಬೇಕಾಗಿದೆ. ವಿಚಾರಸಂಕಿರಣವೊಂದರಲ್ಲಿ ಈ ಮಾತನ್ನೆತ್ತಿದಾಗ ಹಿರಿಯರೊಬ್ಬರು, ‘ಇವೆಲ್ಲ ಸದ್ದು, ಭಾಷೆಯಲ್ಲ’ ಎಂದು ನಕ್ಕರು. ಆ ನಗುವಿಗೆ ಉತ್ತರ ಕೊಡಲು ಬೇಕಾದ ಸಾಮಗ್ರಿ ಅಂದು ನನ್ನ ಬಳಿ ಇರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈ ಉಪೇಕ್ಷೆಯ ಬೆಲೆಯನ್ನು ತೆರುತ್ತಿರುವುದು ಅನುವಾದ. ಜಪಾನಿ ಕತೆಗಳು ಕನ್ನಡಕ್ಕೆ ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕ ಬರುತ್ತವೆ. ಅಲ್ಲಿ ಸದ್ದಿನ ಪದವು ಕ್ರಿಯಾಪದದೊಳಗೆ ಕರಗುತ್ತದೆ. ಅದನ್ನು ಓದಿದ ನಮ್ಮ ಅನುವಾದಕ ‘ಕಿಟಕಿ ಸದ್ದು ಮಾಡಿತು’ ಎಂದು ಬರೆಯುತ್ತಾನೆ. ಮೂಲದಲ್ಲಿಯೂ ಇದ್ದ, ಕನ್ನಡದಲ್ಲಿಯೂ ಇರುವ ‘ಗಡಗಡ’ ನಡುದಾರಿಯಲ್ಲಿ ಕಳೆದುಹೋಗುತ್ತದೆ. ಮೂಲವನ್ನು ಓದಲಾಗದಿದ್ದರೂ ಇಂತಹೆಡೆ ಕನ್ನಡದ ಕಿವಿಯನ್ನು ನಂಬಬಹುದು.

ಹೊಸ ವಸ್ತುಗಳ ಮಾತು ಇನ್ನೂ ಕುತೂಹಲಕರ. ಮೈಕ್ರೊವೇವ್ ಒಲೆಯ ಗಂಟೆಯ ‘ಚಿನ್’ ಸದ್ದಿನಿಂದ ಜಪಾನಿಯರು ‘ಚಿನ್ ಸುರು’ ಎಂಬ ಕ್ರಿಯಾಪದವನ್ನೇ ಮಾಡಿಕೊಂಡರು. ಬಿಸಿಮಾಡು ಎಂದು ಅದರ ಅರ್ಥ. ಅಲ್ಲಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 90ರಷ್ಟು ಜನ ಈ ಪದವನ್ನು ಬಳಸುವುದಾಗಿ ಹೇಳಿದ್ದಾರೆ. ಈಗಿನ ಅನೇಕ ಒಲೆಗಳು ‘ಪೀ’ ಎನ್ನುತ್ತವೆಯಾದರೂ ಪದ ಉಳಿದಿದೆ. ನಮ್ಮಲ್ಲಿ ಬೀಸುಕಲ್ಲು ಮೂಲೆ ಸೇರಿದ ಮೇಲೆ ಅದರ ಸದ್ದಿಗೆ ಊರೂರಿನಲ್ಲಿ ಏನೆನ್ನುತ್ತಿದ್ದರೆಂದು ಕೇಳಿದರೆ ವಯಸ್ಸಾದ ಹೆಂಗಸರು ಮಾತ್ರ ಕೈಯನ್ನು ತಿರುಗಿಸುತ್ತ ನೆನಪಿಸಿಕೊಳ್ಳುತ್ತಾರೆ. ಅದನ್ನು ಬರೆದುಕೊಳ್ಳುವ ಕ್ಷೇತ್ರಕಾರ್ಯಕ್ಕೆ ಇನ್ನು ಹೆಚ್ಚು ಕಾಲಾವಕಾಶವಿಲ್ಲ. ಹಾಗೆಂದು ಕನ್ನಡ ಸುಮ್ಮನಾಗಿದೆ ಎನ್ನಲಾಗದು. ಉತ್ತರ ಕರ್ನಾಟಕದಲ್ಲಿ ಮೋಟಾರುಬೈಕು ಫಟಫಟಿಯಾಯಿತು. ಕುಕ್ಕರು ಮಾತ್ರ ಯಾವ ಅನುಕರಣವನ್ನೂ ಪಡೆಯದೆ, ಕೋಳಿಯಂತೆ, ಮೂರು ಸಲ ‘ಕೂಗಿತು’. ಅದೇಕೆ ಹಾಗಾಯಿತೆಂಬುದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.