ಅಜ್ಜಿ ದನಿಗಿ ಸಣ್ಣದು ಅನಬ್ಯಾಡ್ರಿ

ಅಕ್ಕಗೋಳ್ರಿ, ತಂಗ್ಯಾರ, ಈ ಮಾತು ಮಾತ್ರ ನಾ ಸುಮ್ನ ಬಿಡಂಗಿಲ್ಲ. ಈಗ ನಮ್ಮ ಕಕ್ಕೇರಾದಾಗೂ ಹುಡುಗೂರು ಮೈಕು, ಕನ್ವರ್ಟರ್ ಬೋರ್ಡು ತರಿಸಿ, ಅಜ್ಜಿಗೋಳ ಬೀಸುಕಲ್ಲಿನ ಪದ, ಸೋಬಾನಿ ಪದ ಕಂಪ್ಯೂಟರ್‌ನಾಗ ತುಂಬಿಡಾಕ ಹೊಂಟಾರ. ಭಾಳ ಛಲೋ ಕೆಲಸ. ಆದ್ರ ತುಂಬಿದ್ದು ಹಚ್ಚಿ ಕೇಳಿದ್ರ ಬರೇ ಸುಂಯ್ ಅನ್ನೋ ಸಪ್ಪಳ, ಅಜ್ಜಿ ದನಿ ಬಾವ್ಯಾಗಿಂದ ಬಂದಂಗ. ಆವಾಗ ಏನಂತಾರ? "ಅಜ್ಜೀ, ನಿನ್ನ ದನಿ ಸಣ್ಣದದ, ಜೋರಾಗಿ ಹಾಡು." ನಾ ಅಂತೀನಿ, ದನಿ ಸಣ್ಣದಲ್ಲ, ನೀವು ಜೋಡಿಸಿದ್ದು ಸರಿ ಇಲ್ಲ.

ಇದೇನು ದೊಡ್ಡ ವಿದ್ಯಾ ಅಲ್ರೀ, ಅಡಗಿಮನಿ ಲೆಕ್ಕ. ಪಿಯುಸಿ ಓದಿದ ನನಗ ತಿಳದದ್ದು ನಿಮಗ ತಿಳಿಯಂಗಿಲ್ಲೇನು? ಕನ್ವರ್ಟರ್ ಬೋರ್ಡ್ ಅಂದ್ರ ದನಿ ಅಳದು ಅಂಕಿ ಮಾಡೋ ಸಾಮಾನು. ಪಿಸಿಎಂ 1808 ಅನ್ನೋ ಚಿಪ್ಪಿನ ಬೋರ್ಡ್ ಸುಮಾರು 3 ವೋಲ್ಟ್ ತನಕ ಅಳೀತದ. ಮೈಕ್ ಕೊಡೋದು ಕೆಲವೇ ಮಿಲಿವೋಲ್ಟ್. 3 ಮಿಲಿವೋಲ್ಟ್ ಅಂತ ಹಿಡೀರಿ, ಸಾವಿರದಾಗ ಒಂದು ಪಾಲು ಆತು. 16 ಬಿಟ್ ಅಳತಿಯಾಗ 65,536 ಮೆಟ್ಲ ಇರ್ತಾವ, ಅಜ್ಜಿ ಪಾಲಿಗಿ ಬರೋವು ಬರೇ 65. ಚಿಟಿಕಿ ಅರಿಷಿಣ ಸೇರಿನಾಗ ಅಳದಂಗ!

"ಆಮ್ಯಾಲ ಕಂಪ್ಯೂಟರ್‌ನಾಗ ಜೋರು ಮಾಡ್ತೀವಿ" ಅಂತಾರ. ದನಿ ಎಷ್ಟು ಪಟ್ಟು ಏಳ್ತದೋ ಸುಂಯ್ ಸಪ್ಪಳನೂ ಅಷ್ಟೇ ಪಟ್ಟು ಏಳ್ತದ. ಕಲ್ಲು ಆರಿಸದ ಬ್ಯಾಳಿ ಹೆಚ್ಚು ಕುದಿಸಿದ್ರ ಕಲ್ಲು ಹೋಗ್ತಾವೇನು?

ಮೈಕಿಗೂ ಬೋರ್ಡಿಗೂ ನಡುವ ಪ್ರಿ-ಆಂಪ್ಲಿಫೈಯರ್ ಬೇಕು. ಮ್ಯಾಕ್ಸ್ 9814 ಅನ್ನೋ ಸಣ್ಣ ಬೋರ್ಡಿನಾಗ 40, 50, 60 ಡೆಸಿಬೆಲ್ ಅಂತ ಮೂರು ಹಂತ ಅದಾವ, ಅಂದ್ರ 100 ಪಟ್ಟಿನಿಂದ 1000 ಪಟ್ಟಿನ ತನಕ. ಗುಂಡಿಯಂಥ ಎಲೆಕ್ಟ್ರೆಟ್ ಮೈಕಿನ ಒಳಗ ಟ್ರಾನ್ಸಿಸ್ಟರ್ ಇರ್ತದ, ಅದಕ್ಕ ಸಣ್ಣ ಕರೆಂಟೂ ಕೊಡಬೇಕು. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ಅಂಗಳದಾಚೆ ಅಲ್ಲ.

"ಅಜ್ಜಿ ಜೋರಾಗಿ ಹಾಡಿದ್ರ ಏನು ಹೋಗ್ತದ?" ಅಂತ ಕೇಳ್ತಾರ. ದನಿ ಎರಡು ಪಟ್ಟು ಮಾಡಿದ್ರೂ 65 ಇದ್ದದ್ದು 130 ಆಗ್ತದ, ಅಷ್ಟ. ಮತ್ತ ಹೋಗೋದು ಏನಂದ್ರ, ಹಾಡೇ ಹೋಗ್ತದ. ಬೀಸುಕಲ್ಲಿನ ಪದ ನಸಿಕಿನ್ಯಾಗ, ಕೂಸು ಎದ್ದೀತು ಅಂತ, ಕಲ್ಲು ತಿರಗಿದಂಗ ಉಸುರು ಹಿಡಿದು ಹಾಡಿದ್ದು. ಒದರಿದ್ರ ಅದು ಆ ಪದ ಅಲ್ಲ.

1902ರಾಗ ಕಲ್ಕತ್ತಾದಾಗ ಗೌಹರ್ ಜಾನ್ ರಿಕಾರ್ಡಿಗಿ ಹಾಡಿದಾಗ ಮೈಕ್ ಇರಲಿಲ್ಲ. ದೊಡ್ಡ ಕೊಳವಿ ಒಳಗ ಗಂಟಲು ಎತ್ತಿ ಹಾಡಬೇಕಿತ್ತು. ಆಕಿ ತೀರಿಕೊಂಡದ್ದು 1930ರಾಗ, ನಮ್ಮ ಮೈಸೂರಿನಾಗ. 1925ರ ಸುಮಾರಿಗಿ ಮೈಕಿನ ರಿಕಾರ್ಡಿಂಗ್ ಬಂದು ಮೆಲ್ಲಗ ಹಾಡೋರಿಗೂ ಜಾಗ ಸಿಕ್ತು. ಒದರೋದು ತಪ್ಪಿಸಿದ್ದೇ ಮೈಕು. ಅದನ್ನ ಮುಂದಿಟ್ಟುಕೊಂಡು ಎಂಬತ್ತರ ಮುದುಕಿಗಿ ಒದರು ಅಂತೀರಲ್ಲ, ಇದು ಯಾವ ನ್ಯಾಯ?

ಅದಕ್ಕ ಮುಂದಿನ ಸಲ ಮೈಕ್ ಹಿಡಕೊಂಡು ಬಂದ್ರ, ಹಾಡಾಕ ಕುಂದ್ರೋಕಿಂತ ಮೊದಲ ಕೇಳ್ರಿ: "ಯಪ್ಪಾ, ನಡುವ ಆಂಪ್ಲಿಫೈಯರ್ ಅದ ಏನು?" ಇಲ್ಲಂದ್ರ ಚಾ ಕುಡಿಸಿ ವಾಪಸ್ ಕಳಸ್ರಿ, ತಗೊಂಡು ಬರಲಿ.