ಮೊದಲು ಪ್ಲಗ್ ಕೀಳಿ

ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚುವ ಮುಂಚೆ ಗೋಡೆಯಿಂದ ಪ್ಲಗ್ ಕೀಳಬೇಕು, ಬಣ್ಣ ಬಳಿಯದ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಬೇಕು, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನಂತೂ ತೆರೆಯಲೇಬಾರದು. ಇಷ್ಟು ಹೇಳಿದರೆ ಸಾಕು, ರಿಪೇರಿ ಬಲ್ಲವರೇ ತಕರಾರು ತೆಗೆಯುತ್ತಾರೆ. ಅವರಲ್ಲಿ ಅನುಭವಿಗಳು ಬಹಳ ಮಂದಿ ಇರುವುದರಿಂದ ಒಂದೊಂದು ಮಾತಿಗೂ ಉತ್ತರ ಕೊಡಬೇಕಾಗಿದೆ.

"ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಹುಡುಗರು ದಿನವಿಡೀ ಬರಿಗೈಯಲ್ಲೇ ಜೋಡಿಸುತ್ತಾರೆ, ಏನೂ ಆಗಿಲ್ಲ" ಎನ್ನುತ್ತಾರೆ. ಏನೂ ಆಗಿಲ್ಲವೆಂದು ಗೊತ್ತಾದದ್ದು ಹೇಗೆ? ಮೈಯಲ್ಲಿ ಕೂಡಿದ ಸ್ಥಿರವಿದ್ಯುತ್ತು ಸುಮಾರು 3,000 ವೋಲ್ಟ್ ಆಗುವ ತನಕ ನಮ್ಮ ಬೆರಳಿಗೆ ಅದು ಚುರುಕ್ಕೆನ್ನುವುದೇ ಇಲ್ಲ. ಕೆಲವು ಚಿಪ್‌ಗಳಿಗೆ 100 ವೋಲ್ಟ್ ಕೂಡ ಹೆಚ್ಚಾಯಿತು. ಇವೆರಡರ ನಡುವೆ ಆಗುವ ಹಾನಿ ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಅರೆಪೆಟ್ಟು ತಿಂದ ಚಿಪ್ ಅಂಗಡಿಯ ಪರೀಕ್ಷೆಯಲ್ಲಿ ಪಾಸಾಗಿ, ಗ್ರಾಹಕರ ಮನೆಯಲ್ಲಿ ತಿಂಗಳುಗಟ್ಟಲೆ ಓಡಿ, ಆಮೇಲೆ ಕೈಕೊಡಬಹುದು. ಆಗ ಬೈಗುಳ ರ‍್ಯಾಮ್ ತಯಾರಿಸಿದವರಿಗೆ. ಜೋಡಿಸಿದವರ ಲೆಕ್ಕದಲ್ಲಿ ಮಾತ್ರ ಅದು ಏನೂ ಆಗದ ಕೆಲಸವಾಗಿಯೇ ಉಳಿಯುತ್ತದೆ.

ಅವರ ಮಾತಿನಲ್ಲಿ ಒಪ್ಪತಕ್ಕದ್ದೂ ಇದೆ. ಗಾಳಿಯಲ್ಲಿ ತೇವವಿದ್ದರೆ ಸ್ಥಿರವಿದ್ಯುತ್ತು ಅಷ್ಟು ಕೂಡುವುದಿಲ್ಲ. ವಿನೈಲ್ ನೆಲದ ಮೇಲೆ ನಡೆದರೆ ಒಣಹವೆಯಲ್ಲಿ 12,000 ವೋಲ್ಟ್‌ವರೆಗೆ ಏರಬಹುದಾದದ್ದು ತೇವದ ಹವೆಯಲ್ಲಿ 250ರ ಆಸುಪಾಸಿನಲ್ಲಿ ನಿಲ್ಲುತ್ತದೆ ಎಂಬುದು ಈ ಉದ್ಯಮದವರು ಬಳಸುವ ಲೆಕ್ಕ. ಆದರೆ ಮಳೆಗಾಲದ ಮಂಗಳೂರಿನಲ್ಲಿ ನಡೆದದ್ದು ಬೇಸಿಗೆಯ ಕಲಬುರಗಿಯಲ್ಲಿ ನಡೆಯಲಾರದು. ಮನೆಯಲ್ಲಿ ಎಂದೋ ಒಮ್ಮೆ ರ‍್ಯಾಮ್ ಬದಲಿಸುವವರು ಸ್ಥಿರವಿದ್ಯುತ್ತನ್ನು ಭೂಮಿಗೆ ಇಳಿಸುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಕ್ಯಾಬಿನೆಟ್ಟಿನ ಲೋಹವನ್ನು ಆಗಾಗ ಮುಟ್ಟುತ್ತಿದ್ದರೆ ಸಾಕು.

ಎದುರಾಳಿಗಳ ಗಟ್ಟಿ ವಾದ ಎರಡನೆಯದು: "ಪ್ಲಗ್ ಕಿತ್ತರೆ ಅರ್ಥಿಂಗ್ ತಪ್ಪುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಹಾಗೇ ಇರಲಿ." ಚಿಪ್ ಉಳಿಯಲು ಭೂಮಿಯ ಸಂಪರ್ಕವೇ ಬೇಕೆಂದಿಲ್ಲ. ಕೈಗೂ ಬೋರ್ಡಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಇರದಿದ್ದರೆ ಆಯಿತು. ಚೌಕಟ್ಟು ಮುಟ್ಟಿದ ಕ್ಷಣವೇ ಅದು ಸಮವಾಗುತ್ತದೆ. ಇನ್ನು ಆ ಸ್ವಿಚ್ಚಿನ ವಿಷಯ. ನಮ್ಮ ಮನೆಗಳ ಸಾಕೆಟ್ ಸ್ವಿಚ್ಚು ಸಾಮಾನ್ಯವಾಗಿ ಒಂದೇ ತಂತಿಯನ್ನು ಕಡಿಯುತ್ತದೆ. ಅದು ಫೇಸ್ ಆಗಿರಬೇಕು. ವೈರಿಂಗ್ ಮಾಡುವಾಗ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದರೂ 230 ವೋಲ್ಟಿನ ತಂತಿ ಯಂತ್ರದವರೆಗೆ ಜೀವಂತವಾಗಿಯೇ ಬಂದಿರುತ್ತದೆ. ನೀವು ನೆಚ್ಚಿದ ಅರ್ಥಿಂಗ್ ಆದರೂ ಇದೆಯೇ? ಎಷ್ಟೋ ಮನೆಗಳಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಓಡುತ್ತಿರುವ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವುದು ಹೆಚ್ಚಾಗಿ ಇದೇ ಕಾರಣಕ್ಕೆ: ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥಿಂಗ್ ಇಲ್ಲದ ಚೌಕಟ್ಟನ್ನು ಸುಮಾರು 115 ವೋಲ್ಟಿಗೆ ಏರಿಸಿರುತ್ತವೆ. ವೈರಿಂಗನ್ನು ಮೀಟರ್ ಹಿಡಿದು ಪರೀಕ್ಷಿಸಿಕೊಂಡವರಿಗೆ ಸ್ವಿಚ್ ಆರಿಸಿ ಪ್ಲಗ್ ಬಿಡುವ ವಿಧಾನ ನಡೆಯುತ್ತದೆ, ನಿಜ. ಅದನ್ನು ಎಲ್ಲರಿಗೂ ಸಲಹೆಯಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ.

"ಶಟ್‌ಡೌನ್ ಮಾಡಿದ ಮೇಲೆ ಕರೆಂಟೆಲ್ಲಿ?" ಎಂಬುದು ಹಳೆಯ ಯಂತ್ರಗಳ ಕಾಲದ ಮಾತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಿಂದೀಚೆಗೆ, ಪ್ಲಗ್ಗಿನಲ್ಲಿ ಕರೆಂಟಿರುವ ತನಕ ಮದರ್‌ಬೋರ್ಡಿನಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಮೈಗೆ ಅದು ತಟ್ಟದು. ಜಾರಿ ಬಿದ್ದ ಒಂದು ಸ್ಕ್ರೂ ಬೋರ್ಡನ್ನು ಸುಡಲು ಮಾತ್ರ ಸಾಕು. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿದರೆ ಉಳಿದದ್ದೂ ಬಹುಪಾಲು ಇಳಿಯುತ್ತದೆ. ಲೋಡ್‌ಶೆಡ್ಡಿಂಗ್ ಇದೆಯೆಂದು ಕೈಹಾಕುವವರು ಹಿಂದಿರುವ ಯುಪಿಎಸ್ ನೆನೆಯಲಿ.

ಎಸ್‌ಎಂಪಿಎಸ್ ಫ್ಯಾನು ಬದಲಿಸಲು ಡಬ್ಬಿಯನ್ನೇ ಬಿಚ್ಚುವವರಿಗೆ ನನ್ನ ಉತ್ತರದಲ್ಲಿ ರಿಯಾಯಿತಿ ಇಲ್ಲ. ಅದರೊಳಗಿನ ದೊಡ್ಡ ಕೆಪಾಸಿಟರ್ ಸುಮಾರು 325 ವೋಲ್ಟ್ ಡಿಸಿ ಹಿಡಿದಿಡುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸುವ ಹೊಸ ಮಾದರಿಗಳಲ್ಲಿ 380ರಿಂದ 400. ಅದನ್ನು ಇಳಿಸಲು ಇಟ್ಟ ರೆಸಿಸ್ಟರ್ ಕೆಟ್ಟಿದ್ದರೆ ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ಮೇಲೂ ಮೈಯನ್ನು ಎಸೆಯಬಲ್ಲದು. ನೀವು ಬಿಚ್ಚುತ್ತಿರುವುದೇ ಕೆಟ್ಟ ಎಸ್‌ಎಂಪಿಎಸ್ ಎಂಬುದನ್ನು ಮರೆಯಬೇಡಿ.

"ಪಟ್ಟಿ ಕಟ್ಟಿಕೊಂಡರೇ ಶಾಕ್ ಅಪಾಯ ಹೆಚ್ಚು" ಎನ್ನುವವರೂ ಇದ್ದಾರೆ. ಸರಿಯಾದ ಪಟ್ಟಿಯಲ್ಲಿ 10 ಲಕ್ಷ ಓಮ್‌ನ ರೆಸಿಸ್ಟರ್ ಇರುತ್ತದೆ. 230 ವೋಲ್ಟೇ ತಗುಲಿದರೂ ಪಟ್ಟಿಯ ಮೂಲಕ ಕಾಲು ಮಿಲಿ ಆಂಪಿಯರ್ ಕೂಡ ಹರಿಯದು. ಅವರ ಭಯ ನಿಜವಾಗುವುದು ಮಣಿಕಟ್ಟಿಗೆ ಬರಿ ತಂತಿ ಸುತ್ತಿಕೊಂಡಾಗ. ಅದನ್ನು ಯಾರೂ ಮಾಡಬಾರದು.

"ಇಷ್ಟೆಲ್ಲ ಹೇಳಿ ಜನರನ್ನು ಹೆದರಿಸುತ್ತೀರಿ, ಯಾರೂ ತಮ್ಮ ಯಂತ್ರವನ್ನು ತಾವೇ ಬಿಚ್ಚದ ಹಾಗಾಗುತ್ತದೆ" ಎಂಬುದು ನನಗೆ ನೋವು ತರುವ ಆಕ್ಷೇಪ. ಬಿಚ್ಚಲೆಂದೇ ಇದನ್ನು ಬರೆಯುತ್ತಿದ್ದೇನೆ. ಉಂಗುರ, ಲೋಹದ ಬಳೆ ತೆಗೆದಿಡಿ. ಬೋರ್ಡಿನಿಂದ ತೆಗೆದ ಗುಂಡಿಯಂಥ ಸೆಲ್ ಮಗುವಿನ ಕೈಗೆ ಸಿಗದಂತೆ ಎತ್ತಿಡಿ, ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಆಮೇಲೆ ಧೈರ್ಯವಾಗಿ ಕೆಲಸ ಮಾಡಿ. ಅಂಗಡಿಯ ಮಾಲೀಕರಿಗೆ ಬೇರೆಯೇ ಒಂದು ಮಾತಿದೆ: ನಿಮ್ಮ ಹುಡುಗರು ಬರಿಗೈಯಲ್ಲಿ ದುಡಿಯುವುದನ್ನು ಅವರ ಜಾಣ್ಮೆಯೆಂದು ಹೊಗಳುವುದನ್ನು ಬಿಟ್ಟು, ಅವರ ಮೇಜಿಗೆ ಪರೀಕ್ಷಿಸಿದ ಅರ್ಥಿಂಗನ್ನೂ ಮಣಿಕಟ್ಟಿಗೆ ಪಟ್ಟಿಯನ್ನೂ ಕೊಡಿ.