ನೆಂಟ ಬಂದ, ನೀರು ನಿಂತಿತು

ಅತಿಥಿ ಎಂಬ ಶಬ್ದಕ್ಕೆ ಹಿರಿಯರು ಹೇಳುತ್ತಿದ್ದ ಅರ್ಥ ಸರಳವಾದದ್ದು: ಯಾವನ ಬರವಿಗೆ ತಿಥಿಯ ನಿಯಮವಿಲ್ಲವೋ ಅವನು ಅತಿಥಿ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವನಿಗೂ ಮಣೆ ಹಾಕಬೇಕೆಂಬುದು ಆ ಅರ್ಥದೊಳಗಿನ ಧರ್ಮ. ಈಗಿನ ಪಟ್ಟಣದ ಅತಿಥಿಗೆ ಈ ಲಕ್ಷಣ ಹೊಂದುವುದಿಲ್ಲ. ಆತ ತಿಂಗಳು ಮುಂಚೆಯೇ ಫೋನು ಮಾಡುತ್ತಾನೆ. ಶನಿವಾರ ಬೆಳಗ್ಗೆ ಬಂದು ಭಾನುವಾರ ರಾತ್ರಿಯ ಬಸ್ಸಿಗೆ ಹೊರಡುತ್ತಾನೆ. ಹೋಗುವ ಟಿಕೇಟನ್ನು ಬರುವ ಮೊದಲೇ ಕೊಂಡಿರುತ್ತಾನೆ. ತಿಥಿಯೂ ಗೊತ್ತು, ಗಳಿಗೆಯೂ ಗೊತ್ತು. ಈ ಕಾಲದಲ್ಲಿ ತಿಥಿ ನೋಡದೆ ಬರತಕ್ಕವು ಅವಘಡಗಳು ಮಾತ್ರ. ನಲ್ಲಿ ಸೋರುವುದು, ಗ್ಯಾಸು ಮುಗಿಯುವುದು, ಮೋಟಾರು ಸುಡುವುದು, ಇವೆಲ್ಲ ಹೇಳದೆ ಕೇಳದೆ ಬರುತ್ತವೆ; ಬಂದರೆ ಬಹುಮಟ್ಟಿಗೆ ನೆಂಟರು ಬರುವ ದಿನವನ್ನೇ ಆರಿಸಿಕೊಂಡು ಬರುತ್ತವೆ.

ಅವಘಡಗಳಲ್ಲಿಯೂ ತರತಮವುಂಟು. ಗ್ಯಾಸು ಮುಗಿದರೆ ಪಕ್ಕದ ಮನೆಯ ಸಿಲಿಂಡರು ಇದೆ. ದೀಪ ಆರಿದರೆ ಮೇಣದ ಬತ್ತಿ ಇದೆ. ನೀರು ನಿಂತರೆ ಮಾತ್ರ ಆತಿಥ್ಯದ ಬುಡವೇ ಅಲುಗುತ್ತದೆ. ಏಕೆಂದರೆ ಈ ನಾಡಿನಲ್ಲಿ ಸತ್ಕಾರ ಆರಂಭವಾಗುವುದೇ ನೀರಿನಿಂದ. ಪೂಜೆಯ ಷೋಡಶೋಪಚಾರಗಳನ್ನು ನೆನೆದರೆ ಇದು ತಿಳಿಯುತ್ತದೆ. ದೇವರನ್ನು ಆವಾಹಿಸಿ ಆಸನವಿತ್ತ ಮೇಲೆ ಪಾದ್ಯ, ಅರ್ಘ್ಯ, ಆಚಮನ, ಸ್ನಾನ. ಎಂದರೆ ಕಾಲಿಗೆ ನೀರು, ಕೈಗೆ ನೀರು, ಬಾಯಿಗೆ ನೀರು, ಮೈಗೆ ನೀರು. ಗಂಧ ಪುಷ್ಪ ನೈವೇದ್ಯಗಳ ಸರದಿ ಆಮೇಲಿನದು. ದೇವರನ್ನು ಮನೆಗೆ ಬಂದ ನೆಂಟನಂತೆ ಕಂಡು ನಡೆಸುವ ಕ್ರಮ ಇದು. ಮಲೆನಾಡು ಕರಾವಳಿಗಳ ಹಳೆಯ ಮನೆಗಳಲ್ಲಿ ನೆಂಟನಿಗೂ ಅದೇ ಕ್ರಮ: ಜಗಲಿ ಹತ್ತುವ ಮುಂಚೆ ಕಾಲಿಗೊಂದು ಚೆಂಬು ನೀರು, ಕುಳಿತ ಮೇಲೆ ಬಾಯಾರಿಕೆಗೆ ಬೆಲ್ಲ ಮತ್ತು ನೀರು. ಕಾಫಿ ಬಂದದ್ದು ಎಷ್ಟೋ ಕಾಲದ ಅನಂತರ.

ಹೀಗಿರುವಲ್ಲಿ, 2024ರ ಬೇಸಗೆಯ ಬೆಂಗಳೂರನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಆ ವರ್ಷದ ಮಾರ್ಚಿ ತಿಂಗಳಿನಲ್ಲಿ ನಗರದ ಅನೇಕ ಕಡೆ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರುಗಳ ಮುಂದೆ ಕೊಡಗಳ ಸಾಲು ಬೆಳೆದಿತ್ತು. ಕುಡಿಯುವ ನೀರಿನಲ್ಲಿ ವಾಹನ ತೊಳೆಯಕೂಡದು, ಕೈತೋಟಕ್ಕೆ ಹಾಯಿಸಕೂಡದು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯ ಆಜ್ಞೆ ಹೊರಟಿತ್ತು. ಅಂಥ ತಿಂಗಳಿನ ಒಂದು ಶನಿವಾರ, ಹಳೆಯ ಬಡಾವಣೆಯೊಂದರ ಗೃಹಸ್ಥನ ಮನೆಗೆ ತೀರ್ಥಹಳ್ಳಿಯ ಕಡೆಯ ಗೆಳೆಯ ಬರುವವನಿದ್ದ. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಕಳೆದ ಇಬ್ಬರಿಗೂ ಈಗ ಐವತ್ತು ದಾಟಿದೆ. ಒಬ್ಬ ಬ್ಯಾಂಕಿನಲ್ಲಿ ಅಧಿಕಾರಿ, ಇನ್ನೊಬ್ಬ ತನ್ನ ಊರಿನ ಬಳಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯ.

ಬಸ್ಸು ಬರುವುದಕ್ಕೆ ಒಂದು ಗಂಟೆ ಮುಂಚೆ ಗೃಹಸ್ಥ ಮೋಟಾರಿನ ಸ್ವಿಚ್ಚು ಒತ್ತಿದ. ನೀರೇರುವ ಸದ್ದಿಗೆ ಬದಲು ಒಂದು ದೀರ್ಘವಾದ ಹೂಂಕಾರ ಕೇಳಿಸಿತು. ಮನೆಗಳಲ್ಲಿ ಬಳಸುವ ಒಂದು ಫೇಸಿನ ಮೋಟಾರಿಗೆ ತಾನಾಗಿ ತಿರುಗತೊಡಗುವ ಸಾಮರ್ಥ್ಯವಿಲ್ಲ. ಮೊದಲ ತಳ್ಳು ಕೊಡುವುದಕ್ಕೆ ಕೆಪಾಸಿಟರು ಎಂಬ ಸಣ್ಣ ಡಬ್ಬಿಯೊಂದನ್ನು ಜೋಡಿಸಿರುತ್ತಾರೆ. ಆ ಡಬ್ಬಿ ಕೆಟ್ಟರೆ ಮೋಟಾರು ನಿಂತಲ್ಲಿಯೇ ನಿಂತು ಮಿತಿಮೀರಿ ವಿದ್ಯುತ್ತನ್ನು ನುಂಗುತ್ತದೆ. ಸದ್ದು ಕೇಳಿದೊಡನೆ ಆರಿಸಿದರೆ ಹೊಸ ಡಬ್ಬಿಯಲ್ಲಿ ಕೆಲಸ ಮುಗಿಯುತ್ತದೆ. ‘ಇನ್ನೊಂದು ಸಲ ನೋಡೋಣ’ ಎಂದು ಹಟ ಹಿಡಿದರೆ ಒಳಗಿನ ತಾಮ್ರದ ಸುರುಳಿಯೇ ಸುಡುತ್ತದೆ. ಗೃಹಸ್ಥ ಮೂರು ಸಲ ನೋಡಿದ. ನಾಲ್ಕನೆಯ ಸಲ ಸುಟ್ಟ ವಾಸನೆ ಬಂದಿತು, ಹೂಂಕಾರವೂ ನಿಂತಿತು.

ಸಂಪಿನಲ್ಲಿ ನೀರಿಗೆ ಕೊರತೆಯಿರಲಿಲ್ಲ ಎಂಬುದೇ ಇಲ್ಲಿಯ ವಿನೋದ. ಹಿಂದಿನ ರಾತ್ರಿಯಷ್ಟೆ ಕಾವೇರಿಯ ನೀರು ಬಂದು ತುಂಬಿತ್ತು. ಒಂದು ಕಾಲಕ್ಕೆ ಹೆಸರಘಟ್ಟದ ಕೆರೆಯನ್ನೂ, 1933ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನೂ ನಂಬಿದ್ದ ಬೆಂಗಳೂರಿಗೆ ಕಾವೇರಿ ಮೊದಲು ಬಂದದ್ದು 1974ರಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಹೊರಟು, ಹಾರೋಹಳ್ಳಿಯಲ್ಲೊಮ್ಮೆ ತಾತಗುಣಿಯಲ್ಲೊಮ್ಮೆ ಯಂತ್ರಗಳ ಬಲದಿಂದ ಮತ್ತೆ ಮೇಲೇರಿ, ಸುಮಾರು 100 ಕಿಲೋಮೀಟರು ದಾರಿ ಸವೆಸಿ, ಸುಮಾರು 500 ಮೀಟರು ಎತ್ತರ ಹತ್ತಿ ಆಕೆ ನಗರವನ್ನು ಸೇರುತ್ತಾಳೆ. ಅಷ್ಟು ಪ್ರಯಾಸಪಟ್ಟು ಬಂದ ನದಿ ಕಡೆಯ ಮೂವತ್ತು ಅಡಿ ಏರಲಾರದೆ ಆ ದಿನ ಅಂಗಳದ ತೊಟ್ಟಿಯಲ್ಲಿ ಕುಳಿತುಬಿಟ್ಟಳು. ಮನೆಯವರ ವಾಸ ಮೇಲಂತಸ್ತಿನಲ್ಲಿ. ನಡುವೆ ಇಪ್ಪತ್ತೆರಡು ಮೆಟ್ಟಿಲು.

ಗೃಹಸ್ಥನ ಮುಖ ಬಾಡಿತು. ಗೆಳೆಯನಿಗಾಗಿ ಆತ ಒಂದು ಕಾರ್ಯಕ್ರಮವನ್ನೇ ಸಿದ್ಧಪಡಿಸಿದ್ದ: ಬೆಳಗ್ಗೆ ಲಾಲ್‌ಬಾಗು, ಮಧ್ಯಾಹ್ನ ಮನೆಯಲ್ಲಿ ಹೋಳಿಗೆ, ಸಂಜೆ ಸಂಗೀತ ಕಚೇರಿ, ಭಾನುವಾರ ಕಾರಿನಲ್ಲಿ ನಂದಿಬೆಟ್ಟ. ಈಗ ಎಲ್ಲಕ್ಕೂ ಮೊದಲನೆಯ ಒಂದು ಚೆಂಬು ನೀರಿಗೇ ಸಂಚಕಾರ ಬಂದಿತ್ತು. ಹತ್ತಿರದ ವಸತಿಗೃಹದಲ್ಲಿ ಕೋಣೆ ಹಿಡಿದು, ‘ಮನೆಯಲ್ಲಿ ಬಣ್ಣ ಬಳಿಯುತ್ತಿದ್ದಾರೆ’ ಎಂದು ಹೇಳಿಬಿಟ್ಟರಾಯಿತೆಂದು ಆತ ಫೋನು ಕೈಗೆತ್ತಿಕೊಂಡ.

“ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಏನಾಗುತ್ತೆ?” ಎಂದಳು ಗೃಹಿಣಿ.

“ಏನೂಂತ ಹೇಳಲಿ? ಕರೆದು ಕಾಲು ತೊಳೆಯೋದಕ್ಕೆ ನೀರಿಲ್ಲ ಅನ್ನಲೆ?”

“ನೀರಿದೆ. ಹೊರುವವರಿಲ್ಲ ಅನ್ನಿ.”

ಈ ಮಾತಿನ ಮೊನೆ ಗೃಹಸ್ಥನಿಗೆ ಆಗ ತಟ್ಟಲಿಲ್ಲ. ಆತ ಮೋಟಾರು ರಿಪೇರಿಯವರಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದ ಆ ಅರ್ಧ ಗಂಟೆಯಲ್ಲಿ ಆಕೆ ಸಂಪಿನ ಮುಚ್ಚಳ ತೆಗೆದು, ಬಗ್ಗಿ ಬಕೀಟಿನಿಂದ ಮೊಗೆದು, ನಾಲ್ಕು ಕೊಡ ನೀರನ್ನು ಮೇಲೆ ತಂದಿದ್ದಳು. ಅತ್ತೆಗೆ ಎಂಬತ್ತೆರಡು ವರ್ಷ. ಅವರ ಸ್ನಾನ, ಮಡಿ ಯಾವುದೂ ತಪ್ಪುವಂತಿರಲಿಲ್ಲ. ಮಗಳಿಗೆ ಪರೀಕ್ಷೆಯ ಕಾಲ. ಹೋಳಿಗೆಗೆ ಬೇಳೆ ಬೇಯಬೇಕು. ಆತಿಥ್ಯದ ಕೀರ್ತಿ ಯಜಮಾನನದು, ಅದರ ಕೊಡ ಯಜಮಾನಿಯದು ಎಂಬ ವಿಭಾಗ ಎಷ್ಟೋ ಮನೆಗಳಲ್ಲಿ ಮಾತಿಲ್ಲದೆ ನಡೆದುಬಂದಿದೆ. ನಲ್ಲಿಯಲ್ಲಿ ನೀರು ಬರುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗೆಳೆಯನ ಕಣ್ಣಿಗೆ ಅದು ಬಿದ್ದಿತು. ಆಟೋದಿಂದ ಇಳಿದು ಗೇಟು ತೆರೆದಾಗ ಆತ ಕಂಡದ್ದು ಐದನೆಯ ಕೊಡವನ್ನು ಸೊಂಟದಲ್ಲಿಟ್ಟು ಮೆಟ್ಟಿಲು ಹತ್ತುತ್ತಿದ್ದ ಗೃಹಿಣಿಯನ್ನು. ಚೀಲವನ್ನು ಅಲ್ಲಿಯೇ ಇಟ್ಟು, “ಅತ್ತಿಗೆ, ಅದನ್ನಿಲ್ಲಿ ಕೊಡಿ” ಎಂದ. ಆಕೆ ಸಂಕೋಚದಿಂದ ನಿಂತಳು. ಗೃಹಸ್ಥ ಮೇಲಿನಿಂದ ಓಡಿಬಂದು, “ಛೆ, ನೀನ್ಯಾಕೆ ಕಣೋ? ನಿನಗೆ ಕೋಣೆ ನೋಡಿದೀನಿ, ಹೋಗಿ ಸ್ನಾನ ಮಾಡಿ ಆರಾಮಾಗಿರು” ಎಂದ.

“ನಿನ್ನ ಮನೆಗೆ ನಾನು ಅತಿಥಿಯಾದದ್ದು ಯಾವಾಗ ಮಾರಾಯ?” ಎಂದ ಗೆಳೆಯ. “ಹಗ್ಗ ಇದೆಯೋ ಇಲ್ಲವೋ ಹೇಳು.”

ಹಗ್ಗವಿರಲಿಲ್ಲ. ಬಟ್ಟೆ ಒಣಹಾಕುವ ನೈಲಾನಿನ ಹುರಿಯನ್ನು ಬಿಚ್ಚಿ, ಮೂರು ಎಳೆ ಮಾಡಿ ಹೊಸೆದು, ಬಕೀಟಿನ ಹಿಡಿಗೆ ಆತ ಹಾಕಿದ ಕುಣಿಕೆ ಎರಡು ದಿನವೂ ಸಡಿಲಲಿಲ್ಲ. ಗೆಳೆಯ ಸೇದಿದ, ಗೃಹಸ್ಥ ಹೊತ್ತ. ಹತ್ತನೆಯ ಕೊಡಕ್ಕೆ ಬ್ಯಾಂಕಿನ ಅಧಿಕಾರಿಗೆ ಏದುಸಿರು ಬಂದಿತು. ‘ಹೊರುವವರಿಲ್ಲ’ ಎಂಬ ಮಾತಿನ ಅರ್ಥವೂ ಅದೇ ಸುಮಾರಿಗೆ ಹೊಳೆಯಿತು. ಮೇಲೆ ಅಜ್ಜಿಯ ವಿಚಾರಣೆ ಬೇರೆ: “ಬಂದವರಿಗೆ ಬೆಲ್ಲ ನೀರು ಕೊಟ್ಟಿರೇನೇ?” ಕೊಟ್ಟರು. ಬೆವರಿದ ಮೈಯಲ್ಲಿ ಮೆಟ್ಟಿಲ ಮೇಲೆ ಕುಳಿತು ಕುಡಿದ ಆ ನೀರಿನ ರುಚಿಯನ್ನು ಇಬ್ಬರೂ ಬಹುಕಾಲ ಮರೆಯಲಾರರು.

ಹನ್ನೊಂದು ಗಂಟೆಗೆ ಬಂದ ರಿಪೇರಿಯವನು ಮೋಟಾರನ್ನು ಮೂಸಿ ನೋಡಿಯೇ ತೀರ್ಪು ಕೊಟ್ಟ. ಸುಟ್ಟ ಸುರುಳಿಯನ್ನು ಬಿಚ್ಚಿ, ಹೊಸ ತಂತಿ ಸುತ್ತಿ, ವಾರ್ನಿಷು ಹಚ್ಚಿ ಒಣಗಿಸಬೇಕು. ಭಾನುವಾರ ಅಂಗಡಿಗೆ ರಜ. ಸೋಮವಾರಕ್ಕೆ ಮುಂಚೆ ಆಗುವಂತಿಲ್ಲ. ಅಲ್ಲಿಗೆ ಲಾಲ್‌ಬಾಗೂ ನಂದಿಬೆಟ್ಟವೂ ಮುಗಿದವು.

ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ನೀರು ಬೇಕೆಂಬುದು ಈ ದೇಶದಲ್ಲಿ ಅಂಗೀಕೃತವಾದ ಮಾನ. ಆ ಲೆಕ್ಕದಲ್ಲಿ ಗೆಳೆಯನೂ ಸೇರಿ ಐವರಿಗೆ 675 ಲೀಟರು. 15 ಲೀಟರಿನ ಕೊಡದಲ್ಲಿ 45 ಕೊಡ. ಶನಿವಾರ ರಾತ್ರಿ ಮಗಳು ಗೋಡೆಯ ಮೇಲೆ ಸೀಮೆಸುಣ್ಣದಿಂದ ಹಾಕಿದ್ದ ಗೀಟುಗಳನ್ನು ಎಣಿಸಿದಾಗ ಹದಿನೆಂಟಿದ್ದವು. 270 ಲೀಟರಿನಲ್ಲಿ ಐವರ ಸ್ನಾನ, ಅಡುಗೆ, ಪಾತ್ರೆ, ಪೂಜೆ ಎಲ್ಲವೂ ಆಗಿ ಹೋಳಿಗೆಯೂ ಆಗಿತ್ತು. ಅಕ್ಕಿ ತೊಳೆದ ನೀರು ತುಳಸಿಗೆ, ಪಾತ್ರೆಯ ಕಡೆಯ ನೀರು ಕಕ್ಕಸಿಗೆ ಸಂದಿತ್ತು. ಹೊತ್ತು ತಂದವನ ಕೈ ಚೆಂಬನ್ನು ತಾನಾಗಿ ಅರ್ಧಕ್ಕೇ ತುಂಬುತ್ತದೆ.

ಆ ರಾತ್ರಿ ಸಂಗೀತ ಕಚೇರಿಗೆ ಹೋಗುವ ತ್ರಾಣ ಯಾರಿಗೂ ಇರಲಿಲ್ಲ. ಮರುದಿನದ ಬೆಳಗಿಗೆಂದು ಹಂಡೆ ತುಂಬಿಸಿ, ಇಬ್ಬರೂ ಸಂಪಿನ ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಗೆಳೆಯ, ಹಗ್ಗವನ್ನು ಸುತ್ತುತ್ತ, ತಾನು ಬಂದ ಕಾರಣವನ್ನು ಹೇಳಿದ.

ಊರಿನ ಮನೆಯನ್ನು ಮಾರುವುದೆಂದು ತಮ್ಮಂದಿರು ನಿಶ್ಚಯಿಸಿದ್ದರು. ಒಬ್ಬ ಪುಣೆಯಲ್ಲಿ, ಒಬ್ಬ ಅಮೆರಿಕದಲ್ಲಿ, ಅವರದ್ದೂ ತಪ್ಪೆನ್ನುವಂತಿಲ್ಲ. ಹಂಚು ಹೊದಿಸುವುದು, ಗೋಡೆ ಕಾಯುವುದು, ಎಲ್ಲ ಒಬ್ಬ ಉಪಾಧ್ಯಾಯನ ಸಂಬಳಕ್ಕೆ ಮೀರಿದ್ದು. ಮುಂದಿನ ತಿಂಗಳ ಮೊದಲ ವಾರ ಹಿರಿಯನ ರುಜು ಬೀಳಬೇಕು. “ಮನೆ ಹೋದರೆ ಹೋಗಲಿ ಮಾರಾಯ. ಅಪ್ಪ ತೋಡಿಸಿದ ಬಾವಿ ಇದೆಯಲ್ಲ, ಬೆಳಗ್ಗೆ ಎದ್ದು ಅದರ ರಾಟೆಯ ಸದ್ದು ಕೇಳದೆ ಹೇಗಿರುವುದು ಅಂತ. ಯಾರ ಹತ್ತಿರ ಹೇಳಿದರೂ ನಗುತ್ತಾರೆ.”

ಗೃಹಸ್ಥ ನಗಲಿಲ್ಲ. “ಹೋದ ಸಲ ಬಂದಾಗ ಯಾಕೆ ಹೇಳಲಿಲ್ಲ?” ಎಂದ.

“ಹೋದ ಸಲ ಹೇಳಲಿಕ್ಕೆ ನೀನು ಪುರಸೊತ್ತು ಎಲ್ಲಿ ಕೊಟ್ಟೆ? ಬೆಳಗಿನಿಂದ ರಾತ್ರಿಯವರೆಗೆ ಊರು ತೋರಿಸಿದೆ.”

ಈ ಮಾತಿನಲ್ಲಿ ದೂರು ಇರಲಿಲ್ಲ. ಆದ್ದರಿಂದಲೇ ಅದು ಹೆಚ್ಚು ನಾಟಿತು. ಹಿಂದಿನ ಮೂರು ಬರವುಗಳಲ್ಲಿಯೂ ಉಪಚಾರಕ್ಕೆ ಕೊರತೆಯಿರಲಿಲ್ಲ. ಉಪಚಾರದ ಸಂದಣಿಯಲ್ಲಿ ಗೆಳೆಯನೊಬ್ಬನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ್ದಾಗಿತ್ತು. ಮನೆಯನ್ನು ಉಳಿಸುವ ಉಪಾಯವೇನೂ ಗೃಹಸ್ಥನಿಗೆ ಹೊಳೆಯಲಿಲ್ಲ. “ರುಜು ಹಾಕುವ ದಿನ ನಾನೂ ಬರ್ತೀನಿ” ಎಂದಷ್ಟೇ ಹೇಳಿದ. ಆ ಊರನ್ನು ನೋಡಿ ಇಪ್ಪತ್ತು ವರ್ಷವಾಗಿತ್ತು. “ಬಾ. ಆದರೆ ಅಲ್ಲಿ ನೀರು ಸೇದುವವನು ನೀನು” ಎಂದ ಗೆಳೆಯ. ಏಪ್ರಿಲಿನಲ್ಲಿ ಮನೆ ಮಾರಾಟವಾಯಿತು. ರುಜು ಹಾಕುವಾಗ ಹಿರಿಯಣ್ಣ ಒಂಟಿಯಾಗಿರಲಿಲ್ಲ; ಆ ದಿನ ಬೆಳಗ್ಗೆ ಬಾವಿಯ ಕಡೆಯ ಕೊಡವನ್ನು ಸೇದಿದವನು ಬೆಂಗಳೂರಿನಿಂದ ಬಂದ ನೆಂಟ.

ಇದರಿಂದ ಪ್ರತಿಯೊಬ್ಬ ಗೃಹಸ್ಥನೂ ನೆಂಟರು ಬರುವ ಮುನ್ನ ಮೋಟಾರನ್ನು ಸುಟ್ಟುಕೊಳ್ಳಬೇಕೆಂದು ಯಾರೂ ತಿಳಿಯತಕ್ಕದ್ದಲ್ಲ. ಬಡವರ ಮನೆ ಊಟ ಚೆಂದ, ದೊಡ್ಡವರ ಮನೆ ನೋಟ ಚೆಂದ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೂ ಸ್ವಲ್ಪ ಅನುಕೂಲ ಬಂದೊಡನೆ ಊಟದ ಮನೆಯನ್ನು ನೋಟದ ಮನೆಯಾಗಿ ಮಾಡಿಕೊಳ್ಳುವ ಚಪಲ ಎಲ್ಲರಲ್ಲಿಯೂ ಇದೆ. ಅವಘಡವಾದಾಗ ನಾಚಿಕೆಯಾಗುವುದು ನೋಟಕ್ಕೆ ಭಂಗ ಬಂದಿತೆಂದು. ಗೆಳೆಯ ಬಯಸಿ ಬಂದದ್ದು ಆ ನೋಟವನ್ನಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ ಮನೆಯಲ್ಲಿ ಆತನೂ ತನ್ನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಬಲ್ಲ. ಕೈಗೊಂದು ಕೆಲಸ ಕೊಡುವುದು ಅಗೌರವವೆಂದು ಬಗೆಯುವುದು ತಪ್ಪು. ಹೊರಗಿನವನಿಗೆ ಯಾರೂ ಕೆಲಸ ಹೇಳುವುದಿಲ್ಲ, ಮನೆಯವನಿಗೆ ಮಾತ್ರ ಹೇಳುತ್ತಾರೆ.

ಬಂದವರಿಗೂ ಇದರಲ್ಲಿ ಒಂದು ಪಾಲಿದೆ. ಮನೆಯಲ್ಲಿ ತೊಂದರೆಯೆಂದು ಕಂಡಾಗ ‘ಪರವಾಯಿಲ್ಲ, ನನಗೇನೂ ಬೇಡ’ ಎಂದು ಕುರ್ಚಿಯಲ್ಲಿ ಕುಳಿತಿರುವುದು ವಿನಯದಂತೆ ತೋರಿದರೂ ಗೃಹಿಣಿಯ ಒಂದು ಕೊಡವನ್ನೂ ಅದು ಇಳಿಸುವುದಿಲ್ಲ. ‘ಹಗ್ಗ ಎಲ್ಲಿದೆ?’ ಎಂದು ಕೇಳುವ ನೆಂಟನೇ ಮೇಲು. ಯಜಮಾನನೂ ಗೆಳೆಯರನ್ನು ಕರೆಯುವ ಮುನ್ನ, ಮೋಟಾರು ಸರಿಯಿರುವ ದಿನಗಳಲ್ಲಿಯೂ, ತನ್ನ ಮನೆಯ ಆತಿಥ್ಯದ ಕೊಡ ಯಾರ ಸೊಂಟದ ಮೇಲಿದೆ ಎಂದು ಒಮ್ಮೆ ನೋಡುವುದು ಒಳಿತು.

ಕಡೆಗೆ ಒಂದೆರಡು ಪ್ರಾಪಂಚಿಕ ಮಾತು. ಬೆಂಗಳೂರಿಗೆ ಕಾವೇರಿಯ ಐದನೆಯ ಹಂತದ ಯೋಜನೆ ಅದೇ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರು ಹೆಚ್ಚು ನೀರು ತರುವ ಏರ್ಪಾಡು ಅದು. ಆದರೆ ಎಷ್ಟು ಹಂತಗಳು ಬಂದರೂ ಕಡೆಯ ಮೂವತ್ತು ಅಡಿ ಮನೆಯವರ ಪಾಲಿನದೇ. ಆದ್ದರಿಂದ ಮೋಟಾರು ತಿರುಗದೆ ಹೂಂಕರಿಸಿದರೆ ಕೂಡಲೇ ಸ್ವಿಚ್ಚು ಆರಿಸತಕ್ಕದ್ದು. ಎರಡನೆಯ ಸಲ ನೋಡಕೂಡದು. ಸಂಪಿಗೆ ಯಾರೂ ಇಳಿಯಕೂಡದು, ಮೇಲಿನಿಂದಲೇ ಸೇದಬೇಕು. ಮತ್ತು ಪ್ರತಿ ಮನೆಯಲ್ಲಿಯೂ ಒಂದು ಗಟ್ಟಿಯಾದ ಹಗ್ಗವಿರಲಿ. ಅದನ್ನು ಹಿಡಿಯಬಲ್ಲ ಗೆಳೆಯನೊಬ್ಬನಿದ್ದರೆ ಆ ಮನೆಗೆ ಅವಘಡದ ಭಯ ಅಷ್ಟಾಗಿ ಬೇಡ.